ಹಿನ್ನೀರಿನ ದಂಡೆಯಲ್ಲಿ ಬಂದು ನೆಲೆಸುವದರ ವಿಚಾರ

(ಎಲ್.ಎಜಿ. ಪದವೀಧರರಾದ ಒಬ್ಬ ಕೃಷಿ ಇನ್ಸ್‌ಪೆಕ್ಟರರಿಂದ)

ನೆಲವೂ ನೀರೂ ಕೂಡಿದಲ್ಲಿ ಊರು ಹುಟ್ಟುವದೆಂಬದು ನಮ್ಮ ಹಿರಿಯರ ಅನುಭವದ ಮಾತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಈ ಸೀಮೆಯಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಎಂಬ ಮೂರು ನದಿಗಳು ಹರಿಯುತ್ತಿದ್ದರೂ, ಹೊಲದ ಮೇಲೆ ಬೀಳುವ ಮಳೆಯು ವರ್ಷಕ್ಕೆ ಸುಮಾರು 22 ಅಂಗುಲ ಮಾತ್ರ. ಅದೂ ಹೊತ್ತಿಗೆ ಬರುವದೆಂಬ ಭರವಸೆಯಿಲ್ಲ. ಆದಕಾರಣ ಎರೆಯ ಹೊಲವುಳ್ಳವನು ಹಿಂಗಾರಿಯ ಬಿಳಿಜೋಳ, ಕಡಲೆಗಳನ್ನು ನಂಬಿಕೊಂಡು, ಮಸಾರಿಯ ಹೊಲವುಳ್ಳವನು ಸಜ್ಜೆ, ತೊಗರಿಗಳನ್ನು ನಂಬಿಕೊಂಡು ಕಾಲ ಕಳೆಯುತ್ತ ಬಂದಿರುವನು. ಮಳೆ ಕೈಕೊಟ್ಟ ವರ್ಷ ಬಾದಾಮಿ, ಹುನಗುಂದ ತಾಲೂಕುಗಳ ಕುಟುಂಬಗಳು ಗೋವೆ, ಮಂಗಳೂರು, ಉಡುಪಿ, ಪುಣೆಗಳಿಗೆ ಗುಳೆ ಹೋಗಿ, ಪರರ ಮನೆಗಳಿಗೆ ಕಲ್ಲು ಹೊತ್ತು ಹೊಟ್ಟೆ ಹೊರೆಯುವದು ಎಲ್ಲರೂ ಕಂಡ ಸಂಗತಿ.

ಆದರೆ ಕಳೆದ ಕೆಲವು ದಶಕಗಳಲ್ಲಿ ಈ ಸೀಮೆಯ ಸ್ವರೂಪವು ಬದಲಾಗಿದೆ. ಊರು ಬಿಟ್ಟು ಹೋದವನು ಯಾವ ನೀರಿಲ್ಲವೆಂದು ಹೋದನೋ ಆ ನೀರು ಈಗ ಊರಿನ ಬಾಗಿಲಿಗೇ ಬಂದು ನಿಂತಿದೆ. ಅದರ ಸಂಗಡ ನಾಡಿನ ನಾನಾ ಕಡೆಗಳಿಂದ ಪ್ರವಾಸಿಕರೂ ಬರುತ್ತಲಿದ್ದಾರೆ. ಹೀಗಿರಲು ಈ ಜಲಾಶಯಗಳ ದಂಡೆಯಲ್ಲಿ, ಈ ಪುರಾತನ ಕ್ಷೇತ್ರಗಳ ಸಮೀಪದಲ್ಲಿ ಬಂದು ನೆಲೆಸುವದು ಲಾಭದ ಮಾತೋ ಅಲ್ಲವೋ, ನೆಲೆಸುವದಾದರೆ ಹೇಗೆ ನೆಲೆಸತಕ್ಕದ್ದು ಎಂಬದನ್ನು ಗ್ರಾಮಗಳ ಹಿರಿಯರೂ ಜಮೀನುದಾರರೂ ಕೂಡಿ ವಿಚಾರಿಸುವ ಕಾಲ ಬಂದಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಂದು ನೆಲೆಸುವದು ಹಿತಕರವೇ, ಆದರೆ ಒಕ್ಕಲುತನವನ್ನು ಮುಂದಿಟ್ಟುಕೊಂಡು ಬಂದವನಿಗೆ ಮಾತ್ರ ಹಿತಕರ. ನೀರಿನ ಅಂದವನ್ನೂ ಪ್ರವಾಸಿಕನ ಹಣವನ್ನೂ ಮಾತ್ರ ನಂಬಿ ಬಂದವನಿಗೆ ಇದು ನಷ್ಟದ ದಾರಿ.

ಈ ನೀರು ಹೇಗೆ ಬಂತು?

ಆಲಮಟ್ಟಿಯ ಆಣೆಕಟ್ಟಿಗೆ 1964ನೆಯ ಇಸವಿಯ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಹಲವು ವರ್ಷಗಳ ವ್ಯಾಜ್ಯ ವಿಲಂಬಗಳಾದ ಮೇಲೆ, 2000ನೆಯ ಇಸವಿಯ ಸುಪ್ರೀಂ ಕೋರ್ಟಿನ ತೀರ್ಪಿನಂತೆ ನೀರಿನ ಮಟ್ಟವು 519.60 ಮೀಟರಿಗೆ ನಿಂತಿತು. ಜಲಾಶಯದ ಹಿಡಿತವು ಸುಮಾರು 123 ಟಿಎಂಸಿ. ಹಳೆಯ ಬಾಗಲಕೋಟೆಯ ಬಹುಭಾಗವು ನೀರಿನ ಪಾಲಾಗಿ, ಎತ್ತರದ ನೆಲದಲ್ಲಿ ನವನಗರವು ತಲೆಯೆತ್ತಿತು. ಕೆಳಗಡೆ ನಾರಾಯಣಪುರದಲ್ಲಿ 1982ರಲ್ಲಿ ಮುಗಿದ ಬಸವಸಾಗರದ ಹಿನ್ನೀರು ಕೃಷ್ಣೆ, ಮಲಪ್ರಭೆಗಳು ಕೂಡುವ ಕೂಡಲಸಂಗಮದ ವರೆಗೆ ಹಬ್ಬಿದೆ. ಬಸವಣ್ಣನವರ ಐಕ್ಯಸ್ಥಳವನ್ನು ನೀರು ಮುಟ್ಟದಂತೆ ಸುತ್ತಲೂ ಬಾವಿಯಂಥ ಗೋಡೆಯನ್ನು ಕಟ್ಟಿ ಕಾಯ್ದುಕೊಂಡಿರುವದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಘಟಪ್ರಭೆಯು ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ಬಳಿಯಲ್ಲಿಯೂ ಇದೇ ಪ್ರಕಾರ ನೀರಿನ ವಿಸ್ತಾರವಿದೆ. ಚಳಿಗಾಲದಲ್ಲಿ ಆ ದಂಡೆಗಳಿಗೆ ರಾಜಹಂಸ, ಪಟ್ಟೆತಲೆಯ ಹೆಬ್ಬಾತು ಮೊದಲಾದ ಪರದೇಶದ ಹಕ್ಕಿಗಳು ಬಂದಿಳಿಯುವವು. ಅವುಗಳನ್ನು ನೋಡಲು ಜನರೂ ಬರುವರು.

ಈ ನೀರು ಪುಕ್ಕಟೆ ಬಂದದ್ದಲ್ಲವೆಂಬದನ್ನು ಮರೆಯಕೂಡದು. ಮನೆ, ಹೊಲ, ದೇವಸ್ಥಾನ, ಹಿರಿಯರ ಗದ್ದುಗೆಗಳನ್ನು ಕಳಕೊಂಡ ಊರುಗಳ ಋಣವು ಇದರ ಮೇಲಿದೆ. ಆದುದರಿಂದಲೇ ಇದರ ದಂಡೆಯ ಲಾಭವು ಮೊದಲು ಈ ಸೀಮೆಯ ಒಕ್ಕಲುಮಕ್ಕಳಿಗೆ ದಕ್ಕತಕ್ಕದ್ದೆಂದು ನಾನು ಹೇಳುವೆನು.

ನೆಲೆಸುವದಕ್ಕೆ ಕಾರಣಗಳು

ಮೊದಲನೆಯ ಕಾರಣವು ನೀರೇ. ಹುನಗುಂದ, ಇಳಕಲ್ಲುಗಳ ಕೆಂಪು ಕಲ್ಲಿನ ನೆಲದಲ್ಲಿ ಕೊಳವೆಬಾವಿಯನ್ನು ಎಷ್ಟು ಆಳ ಕೊರೆದರೂ ನೀರು ಸಿಕ್ಕುವದೆಂಬ ನಂಬಿಗೆಯಿಲ್ಲ. ಸಿಕ್ಕಲ್ಲಿಯೂ ಕೆಲವೆಡೆ ಫ್ಲೋರೈಡಿನ ದೋಷವುಂಟು. ಕಾಲುವೆಯ ಅಥವಾ ಏತ ನೀರಾವರಿಯ ನೀರು ದೊರೆತಲ್ಲಿ ಒಂದು ಬೆಳೆಯ ಹೊಲವು ಎರಡು ಬೆಳೆಯ ಹೊಲವಾಗುವದು. ಇದಲ್ಲದೆ ಮಳೆಗಾಲದಲ್ಲಿ ತುಂಬಿದ ಜಲಾಶಯವು ಚಳಿಗಾಲ ಕಳೆದಂತೆ ಇಳಿಯತೊಡಗಿ, ದಂಡೆಯಲ್ಲಿ ಮೆಕ್ಕಲು ಮಣ್ಣಿನ ನೆಲವನ್ನು ತೆರೆದು ಬಿಡುವದು. ಆ ಹಸಿಯಲ್ಲಿ ಕಲ್ಲಂಗಡಿ, ಸೌತೆ, ಕಡಲೆ, ಮೇವಿನ ಜೋಳಗಳು ಅಲ್ಪ ಖರ್ಚಿನಲ್ಲಿ ಬರುವವು. ಈ ನೆಲವು ಸರಕಾರದ್ದಾದುದರಿಂದ ಅಪ್ಪಣೆಯಿಲ್ಲದೆ ಅದರಲ್ಲಿ ನೇಗಿಲನ್ನಿಡಲಾಗದು. ರಾಸಾಯನಿಕ ವಿಷಗಳನ್ನು ಅಲ್ಲಿ ಸಿಂಪಡಿಸುವದಂತೂ ಸರ್ವಥಾ ಕೂಡದು, ಏಕೆಂದರೆ ಆ ನೀರನ್ನೇ ಊರುಗಳು ಕುಡಿಯುವವು.

ಎರಡನೆಯ ಕಾರಣವು ಮನೆಯ ಬಾಗಿಲಿಗೆ ಬರುವ ಗಿರಾಕಿಯು. ಬಾದಾಮಿಯ ಮೂರನೆಯ ಗುಹಾಲಯದಲ್ಲಿ ಮಂಗಲೇಶನು ಬರೆಯಿಸಿದ ಶಾಸನವು ಕ್ರಿ.ಶ. 578ರದು, ಐಹೊಳೆಯ ಮೇಗುತಿಯಲ್ಲಿರುವ ರವಿಕೀರ್ತಿಯ ಶಾಸನವು 634ರದು, ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರು; ಅಲ್ಲಿಂದ ಮುಂದೆ ಐಹೊಳೆ; ಅದರಾಚೆ ಕೂಡಲಸಂಗಮ, ಆಲಮಟ್ಟಿಯ ತೋಟಗಳು. ಇಷ್ಟು ಹತ್ತಿರದಲ್ಲಿ ಇಷ್ಟು ನೋಡತಕ್ಕ ಸ್ಥಳಗಳಿರುವ ಸೀಮೆಗಳು ದೇಶದಲ್ಲಿ ವಿರಳ. ಆದರೂ ಬಂದ ಪ್ರವಾಸಿಕರಲ್ಲಿ ಬಹಳ ಮಂದಿ ಮುಂಜಾನೆ ಬಂದು ಸಂಜೆಗೆ ಹೊರಟು ಹೋಗುತ್ತಾರೆ. ಅವರನ್ನು ಒಂದು ರಾತ್ರಿ ನಿಲ್ಲಿಸಿಕೊಳ್ಳುವ ಅಚ್ಚುಕಟ್ಟಾದ ಮನೆ, ಒಂದು ಹೊತ್ತು ಉಣ್ಣಿಸುವ ಶುಚಿಯಾದ ಪಂಕ್ತಿ, ಕೈಗೆ ಕೊಟ್ಟು ಕಳಿಸುವ ಒಂದು ಪದಾರ್ಥ, ಇಷ್ಟಿದ್ದರೆ ಹೊಲದ ಹುಟ್ಟುವಳಿಗೆ ಅಡತಿಯ ಅಂಗಡಿಯಲ್ಲಿ ದೊರೆಯದ ಬೆಲೆಯು ಅಂಗಳದಲ್ಲಿಯೇ ದೊರೆಯುವದು.

ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಬಾದಾಮಿಯ ಬದಿಯ ಬನಶಂಕರಿಯಲ್ಲಿ ಹರಿದ್ರಾತೀರ್ಥದ ದಂಡೆಗೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಕುಡಿಕೆಯ ಮೊಸರುಗಳನ್ನು ತಂದು, ಬಂದ ಭಕ್ತರನ್ನು ಅಕ್ಕರೆಯಿಂದ ಕರೆದು ಉಣಬಡಿಸುವರು. ಅವರಿಗೆ ಯಾವ ಬ್ಯಾಂಕಿನ ಸಾಲವೂ ಇರಲಿಲ್ಲ, ಯಾವ ದೊಡ್ಡ ಕಟ್ಟಡವೂ ಇಲ್ಲ. ಚೀಲಗಟ್ಟಲೆ ಮಾರಿದ ಜೋಳಕ್ಕೂ ರೊಟ್ಟಿಯಾಗಿ ಮಾರಿದ ಜೋಳಕ್ಕೂ ಇರುವ ಬೆಲೆಯ ಅಂತರವನ್ನು ಆ ತಾಯಂದಿರು ನಮ್ಮ ಜಮೀನುದಾರರಿಗಿಂತ ಮುಂಚೆ ಅರಿತುಕೊಂಡರು.

ಮೂರನೆಯ ಕಾರಣವು ಕಾಲದ ಹೊಂದಿಕೆ. ಪ್ರವಾಸಿಕರು ಹೆಚ್ಚಾಗಿ ಬರುವದು ಅಕ್ಟೋಬರದಿಂದ ಫೆಬ್ರುವರಿಯ ವರೆಗೆ. ನಮ್ಮ ಹಿಂಗಾರಿಯ ಕಾಲವೂ ಅದೇ. ಬಿತ್ತಿಗೆ ಮುಗಿದು ಎಡೆಯಾಡಿದ ಮೇಲೆ ಒಕ್ಕಲಿಗನ ಕೈಗೆ ಸುಗ್ಗಿಯ ವರೆಗೆ ತುಸು ಬಿಡುವು ಸಿಕ್ಕುವದು. ಎಳ್ಳಮಾವಾಸ್ಯೆಯ ಚರಗ, ಹಾಲುಗಾಳು ಗಟ್ಟಿಯಾಗುವಾಗ ಹೊಲದಲ್ಲಿಯೇ ಸುಟ್ಟು ತಿನ್ನುವ ಸೀತೆನೆ, ಪುಷ್ಯ ಮಾಸದ ಬನಶಂಕರಿಯ ಜಾತ್ರೆ, ಇವೆಲ್ಲ ಒಂದರ ಹಿಂದೊಂದು ಇದೇ ಅವಧಿಯಲ್ಲಿ ಬರುವವು. ಪಟ್ಟಣದಲ್ಲಿ ಬೆಳೆದವನಿಗೆ ಹಸಿರು ಜೋಳದ ನಡುವೆ ಕುಳಿತು ಸೀತೆನೆ ತಿನ್ನುವದು ಗುಹಾಲಯಗಳಷ್ಟೇ ನೆನಪಿನಲ್ಲುಳಿಯುವ ಸಂಗತಿ. ಇದಕ್ಕೆ ನಾವು ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಇದ್ದದ್ದನ್ನು ಕೆಡಿಸದೆ ಇಟ್ಟುಕೊಂಡರೆ ಸಾಕು.

ನಾಲ್ಕನೆಯದು ಕುಶಲದ ಕೈಗಳ ನೆರೆಹೊರೆ. ಇಳಕಲ್ಲಿನ ನೇಕಾರನು ಸೀರೆಯ ಒಡಲಿನ ನೂಲನ್ನೂ ಸೆರಗಿನ ನೂಲನ್ನೂ ಕೊಂಡಿ ಕೊಂಡಿಯಾಗಿ ಜೋಡಿಸುವ ತೋಪುತೆನೆಯ ಕೆಲಸವನ್ನು ಕುಣಿಮಗ್ಗದ ಮುಂದೆ ನಿಂತು ನೋಡಿದವನು ಬರಿಗೈಯಲ್ಲಿ ಹೋಗಲಾರನು. ಗುಳೇದಗುಡ್ಡದ ಖಣವೂ ಹಾಗೆಯೇ. ನೇಯ್ಗೆಯವನಿಗೆ ಒಕ್ಕಲಿಗನ ಜೋಳ ಬೇಕು, ಒಕ್ಕಲಿಗನ ಮನೆಗೆ ಬಂದ ಅತಿಥಿಗೆ ನೇಯ್ಗೆಯವನ ಸೀರೆ ಬೇಕು. ಇವರೀರ್ವರೂ ಕೂಡಿ ನಡೆದರೆ ಹಣವು ಸೀಮೆಯೊಳಗೆಯೇ ಸುತ್ತುವದು.

ಐದನೆಯದು ಮಕ್ಕಳ ವಿದ್ಯೆ ಮತ್ತು ಆರೋಗ್ಯದ ಸೌಕರ್ಯ. 1997ರಲ್ಲಿ ಬಾಗಲಕೋಟೆಯು ಜಿಲ್ಲೆಯ ಮುಖ್ಯ ಸ್ಥಳವಾಯಿತು. ಅಲ್ಲಿ ಎಂಜಿನಿಯರಿಂಗ ಕಾಲೇಜು 1963ರಿಂದಲೂ, ವೈದ್ಯಕೀಯ ಕಾಲೇಜು 2002ರಿಂದಲೂ ನಡೆದಿವೆ. 2008ರಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯವೂ ಸ್ಥಾಪಿತವಾಯಿತು. ಹಣ್ಣು ಕಾಯಿಪಲ್ಯೆಗಳ ಸಾಗುವಳಿಯಲ್ಲಿ ಸಂಶಯ ಬಂದವನು ಬೆಂಗಳೂರಿನ ವರೆಗೆ ಹೋಗುವ ಕಾರಣವಿಲ್ಲ.

ಎಚ್ಚರಿಕೆಯ ಮಾತುಗಳು

ಇಷ್ಟು ಕೇಳಿದ ಮೇಲೆ ಈಗಲೇ ಹೋಗಿ ದಂಡೆಯಲ್ಲಿ ನಾಲ್ಕು ಗುಂಟೆ ಹಿಡಿಯೋಣವೆಂದು ಹೊರಡುವವರು ತುಸು ತಡೆಯಬೇಕು. ದೂರದ ಬೆಟ್ಟವು ನುಣ್ಣಗೆ ಕಾಣುವದು; ದೂರದ ನೀರೂ ಹಾಗೆಯೇ.

ಮನೆಯ ಜಾಗದ ವಿಚಾರವನ್ನು ಮೊದಲು ನೋಡೋಣ. ಕೃಷ್ಣಾ ನ್ಯಾಯಮಂಡಳಿಯು 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆಯಿತ್ತಿತು. ಈಗಿನ ಮಟ್ಟಕ್ಕೂ ಅದಕ್ಕೂ ಇರುವ ಅಂತರವು ಸುಮಾರು 15 ಅಡಿ. ಹದಿನೈದು ಅಡಿಯೆಂದರೆ ಅಲ್ಪವೆಂದು ತೋರಬಹುದು. ಆದರೆ ನಮ್ಮ ಎರೆಯ ಸೀಮೆಯಲ್ಲಿ ನೆಲದ ಇಳಿಜಾರು ಬಹಳ ಕಡಿಮೆ. ಇನ್ನೂರು ಅಡಿಗೆ ಒಂದು ಅಡಿಯ ಇಳಿಜಾರಿನ ಹೊಲದಲ್ಲಿ ನೀರು 15 ಅಡಿ ಏರಿದರೆ ಅದು 3,000 ಅಡಿ ಒಳಕ್ಕೆ ಬರುವದು. ಇಂದು ದಂಡೆಯಿಂದ ಅರ್ಧ ಮೈಲು ದೂರವಿರುವ ಮನೆಯ ಹೊಸ್ತಿಲನ್ನು ನಾಳೆ ನೀರು ಮುಟ್ಟುವದೆಂದಾಯಿತು. ಎತ್ತರಿಸುವ ಕೆಲಸವು ಎಂದಾಗುವದೋ ಅದು ಒಕ್ಕಲಿಗನ ಕೈಯಲ್ಲಿಲ್ಲ. ಮನೆಯನ್ನು ಎಲ್ಲಿ ಕಟ್ಟಬೇಕೆಂಬದು ಅವನ ಕೈಯಲ್ಲಿದೆ. ಆದಕಾರಣ ದಂಡೆಯಿಂದ ಎಷ್ಟು ಮಾರು ದೂರವೆಂದು ಅಳೆಯದೆ, ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಮೋಜಣಿಯವರಿಂದ ಅಳೆಯಿಸಿಕೊಳ್ಳಿರಿ. ಬೆಳೆಯು ಎರೆಯಲ್ಲಿರಲಿ, ಮನೆಯು ಮಡ್ಡಿಯ ಮೇಲಿರಲಿ.

ಮಲಪ್ರಭೆಯ ದಂಡೆಯಲ್ಲಿ ಬೇರೊಂದು ಅಂಜಿಕೆಯುಂಟು. 2009ರಲ್ಲಿಯೂ 2019ರಲ್ಲಿಯೂ ಆ ನದಿಯು ತನ್ನ ದಂಡೆಯನ್ನು ಮೀರಿ ಬಾದಾಮಿ, ಹುನಗುಂದ ತಾಲೂಕುಗಳ ಊರುಗಳನ್ನು ಹೊಕ್ಕಿತು. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿಯೂ ನೀರು ನಿಂತಿತು. ಬೇಸಿಗೆಯಲ್ಲಿ ಒಣಗಿದ ಹೊಳೆಯನ್ನು ನೋಡಿ, ಅದರ ಪಾತ್ರವನ್ನೇ ಒತ್ತಿ ಕಬ್ಬು ಹಚ್ಚಿದವರೂ ಜಾಲಿಕಂಟಿ ಬೆಳೆಯಗೊಟ್ಟವರೂ ಈ ಅನರ್ಥಕ್ಕೆ ಪಾಲುದಾರರು. ಕೃಷ್ಣೆಯ ನೀರಿನಲ್ಲಿ ಮೊಸಳೆಗಳಿರುವವೆಂಬದನ್ನೂ ಹೊಸಬರಿಗೆ ತಿಳಿಸಿ ಹೇಳತಕ್ಕದ್ದು.

ಇನ್ನು ಭೂಮಿಯ ಆರೋಗ್ಯದ ಮಾತು. ನೀರು ಕಂಡೊಡನೆ ಎರೆಯ ಹೊಲದಲ್ಲಿ ಕಬ್ಬನ್ನು ಹಚ್ಚಿ, ಮಡಿ ತುಂಬ ನೀರು ಬಿಟ್ಟವರ ಹೊಲಗಳು ಕೆಲವೇ ವರ್ಷಗಳಲ್ಲಿ ಸವಳು ಜವಳಾಗಿ ಬೆಳ್ಳಗಾದುದನ್ನು ಘಟಪ್ರಭೆ, ಮಲಪ್ರಭೆಗಳ ಕಾಲುವೆಯ ಕೆಳಗೆ ಯಾರೂ ಕಾಣಬಹುದು. ಎರೆಯು ನೀರನ್ನು ಹಿಡಿದುಕೊಳ್ಳುವದು, ಬಿಟ್ಟುಕೊಡಲಾರದು. ನಿಂತ ನೀರು ಕೆಳಗಿನ ಉಪ್ಪನ್ನು ಮೇಲಕ್ಕೆ ತರುವದು. ಬಸಿಗಾಲುವೆಯನ್ನು ಮೊದಲು ತೆಗೆದು ನೀರನ್ನು ಆ ಮೇಲೆ ತರಬೇಕು. ಸೆಣಬು, ಡಯಂಚಗಳ ಹಸಿರು ಗೊಬ್ಬರವನ್ನು ಮಣ್ಣಿಗೆ ಸೇರಿಸಬೇಕು. ಹನಿ ನೀರಾವರಿಯನ್ನು ಹಾಕಿಕೊಳ್ಳಬೇಕು. ಹುನಗುಂದದ ಹಿರಿಯರು ಹೊಲಕ್ಕೆ ಒಡ್ಡು ಹಾಕಿ, ಹೆಚ್ಚಾದ ನೀರನ್ನು ಕಲ್ಲಿನ ಕೋಡಿಯಿಂದ ಹೊರಗೆ ಬಿಟ್ಟು, ಒಂದೇ ಮಳೆಯಲ್ಲಿ ಜೋಳ ಬೆಳೆದ ವಿದ್ಯೆಯನ್ನು ನೀರಾವರಿ ಬಂತೆಂದು ಮರೆಯಬಾರದು.

ಒಂದನ್ನೇ ನಂಬುವದರ ಅಪಾಯವನ್ನೂ ನೆನೆಯಬೇಕು. ಬಾಗಲಕೋಟೆಯ ಸೀಮೆಯಲ್ಲಿ ದಾಳಿಂಬೆಯು ಒಂದು ಕಾಲಕ್ಕೆ ಚಿನ್ನದ ಬೆಳೆಯೆನಿಸಿ, ದುಂಡಾಣು ಅಂಗಮಾರಿಯು ಬಿದ್ದ ಮೇಲೆ ತೋಟಗಳನ್ನೇ ಕಿತ್ತು ಹಾಕಬೇಕಾಯಿತು. ಪ್ರವಾಸಿಕರೂ ಒಂದು ಬೆಳೆಯೇ ಸರಿ. 2020ರ ಮಾರ್ಚಿನಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಪುರಾತತ್ವ ಖಾತೆಯವರು ಎಲ್ಲ ಸ್ಮಾರಕಗಳ ಬಾಗಿಲು ಹಾಕಿದರು. ತಿಂಗಳುಗಟ್ಟಲೆ ಅವು ತೆರೆಯಲಿಲ್ಲ. ಮರುವರ್ಷ ಮತ್ತೆ ಮುಚ್ಚಿದವು. ಆಗ ಬರಿಯ ವಾಹನ, ಬರಿಯ ಖಾನಾವಳಿಗಳನ್ನು ನಂಬಿದವನು ದಿಕ್ಕು ಕಾಣದೆ ಕುಳಿತನು. ಮನೆಯಲ್ಲಿ ಜೋಳವೂ ಹಕ್ಕೆಯಲ್ಲಿ ಎಮ್ಮೆಯೂ ಇದ್ದವನು ಹೇಗೋ ಕಾಲ ಕಳೆದನು. ಪ್ರವಾಸಿಕನಿಂದ ಬರುವ ಹಣವು ಮೇಲೋಗರವಾಗಿರಲಿ. ಅನ್ನವು ಹೊಲದಿಂದಲೇ ಬರಲಿ.

ಹೊಲವನ್ನು ಮಾರುವ ವಿಚಾರ

ಈ ಲೇಖನದ ಮುಖ್ಯ ಮಾತು ಇದೇ. ಭೂಸುಧಾರಣೆಯ ಕಾಯದೆಗೆ 2020ರಲ್ಲಿ ತಿದ್ದುಪಡಿಯಾದಂದಿನಿಂದ ಒಕ್ಕಲಿಗನಲ್ಲದವನೂ ಸಾಗುವಳಿಯ ಜಮೀನನ್ನು ಕೊಳ್ಳಬಹುದಾಗಿದೆ. ನೀರಿನ ನೋಟವುಳ್ಳ ಹೊಲಕ್ಕೆ ಪಟ್ಟಣಗಳಿಂದ ಗಿರಾಕಿಗಳು ಬರುವದು ಸಹಜವೇ. ಕಲ್ಲುಮಡ್ಡಿಗೆ ಯಾರೂ ಕೊಡದ ಬೆಲೆಯನ್ನು ಅವರು ಕೊಡುವೆನೆಂದಾಗ ಮನಸ್ಸು ಚಂಚಲವಾಗುವದೂ ಸಹಜವೇ. ಆದರೆ ಮಾರಿದ ಮೇಲೆ ಅದೇ ಹೊಲದಲ್ಲಿ ಕಟ್ಟಿದ ವಸತಿಗೃಹಕ್ಕೆ ಮಾರಿದವನ ಮಗನು ಕಾವಲುಗಾರನಾಗಿ ನಿಲ್ಲುವನು. ಗೋವೆಗೆ ಗುಳೆ ಹೋದವನಿಗೂ ಅವನಿಗೂ ಏನು ಭೇದ? ಒಬ್ಬನು ಪರರ ಊರಿನಲ್ಲಿ ಕೂಲಿ, ಇನ್ನೊಬ್ಬನು ತನ್ನ ಊರಿನಲ್ಲಿಯೇ ಕೂಲಿ.

ಹಣ ಬೇಕೆಂದರೆ ಬೇರೆ ದಾರಿಯಿಲ್ಲವೆ? ಇದೆ. ಹೊಲದ ಮೂಲೆಯ ಕೆಲವು ಗುಂಟೆಗಳನ್ನು ಮಾತ್ರ ಬಿನ್‌ಶೇತ್ಕಿ ಮಾಡಿಸಿ, ಎರಡು ಮೂರು ಕೋಣೆಗಳ ಮನೆಯನ್ನು ಊರಿನ ಕಲ್ಲಿನಿಂದಲೇ ಕಟ್ಟಿ, ಪ್ರವಾಸೋದ್ಯಮ ಖಾತೆಯಲ್ಲಿ ನೋಂದಾಯಿಸಿ, ಬಂದವರಿಗೆ ಬಾಡಿಗೆಗೆ ಕೊಡಬಹುದು. ಒಬ್ಬನಿಂದಾಗದಿದ್ದರೆ ನಾಲ್ಕು ಮನೆಯವರು ಕೂಡಿ ಸಹಕಾರಿ ಸಂಘವನ್ನು ಮಾಡಬಹುದು. ಕಟ್ಟಡದ ಬಾಡಿಗೆಯು ವರ್ಷ ವರ್ಷಕ್ಕೆ ಬರುವದು. ಮಾರಿದ ಹೊಲದ ಹಣವು ಒಮ್ಮೆ ಬರುವದು. ಆದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆಯೆಂದೂ, ಅದರಾಚೆ ಇನ್ನೂ 200 ಮೀಟರಿನ ವರೆಗೆ ಅಪ್ಪಣೆ ಬೇಕೆಂದೂ ತಿಳಿದಿರಬೇಕು. ತಿಳಿಯದೆ ಕಟ್ಟಿದ ಗೋಡೆಯನ್ನು ಕೆಡವುವ ಖರ್ಚೂ ಕಟ್ಟಿದವನದೇ.

ಮುಳುಗಡೆಯ ಪರಿಹಾರ ಪಡೆಯುವವರಿಗೂ ಎರಡು ಮಾತು. 2025ರ ಸೆಪ್ಟೆಂಬರದಲ್ಲಿ ರಾಜ್ಯದ ಮಂತ್ರಿಮಂಡಲವು ಮುಳುಗುವ ಜಮೀನಿಗೆ ಎಕರೆಗೆ ನೀರಾವರಿಯದಾದರೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ರೂಪಾಯಿಗಳೆಂದು ನಿರ್ಣಯಿಸಿದೆ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯು ಸುಳ್ಳಲ್ಲ. ಹಿಂದಿನ ಮುಳುಗಡೆಯಲ್ಲಿ ಬಂದ ಹಣವನ್ನು ಮದುವೆ, ಮೋಟಾರು, ದಾಯಾದಿಗಳ ವ್ಯಾಜ್ಯಗಳಲ್ಲಿ ಕರಗಿಸಿದ ಮನೆಗಳನ್ನು ಪ್ರತಿಯೊಬ್ಬ ಹಿರಿಯನೂ ಹೆಸರು ಹಿಡಿದು ಎಣಿಸಬಲ್ಲನು. ಅದೇ ಹಣದಿಂದ ಎತ್ತರದ ನೆಲವನ್ನು ಕೊಂಡು, ಒಡ್ಡು ಹಾಕಿ, ಗಿಡ ಹಚ್ಚಿ, ಹೆಂಡತಿಯ ಹೆಸರನ್ನೂ ಉತಾರದಲ್ಲಿ ಏರಿಸಿದವರ ಮನೆಗಳು ಇಂದಿಗೂ ನಿಂತಿವೆ. ಭೂಮಿ ಹೋದುದಕ್ಕೆ ಭೂಮಿಯೇ ಪರಿಹಾರವೆಂದು ಭಾವಿಸಿರಿ. ಮತ್ತು ಸಾಧ್ಯವಾದ ಮಟ್ಟಿಗೆ ಒಂದು ಊರಿನವರು ಒಂದೇ ಕಡೆಗೆ ಹೋಗಿರಿ. ಆಯಗಾರರು, ಕೂಲಿಯವರು, ನೆರೆಯವರು ಚದುರಿದರೆ ಒಕ್ಕಲುತನದ ಅರ್ಧ ಬಲವೇ ಹೋದಂತೆ.

ಗ್ರಾಮದ ಹಿರಿಯರ ಕರ್ತವ್ಯಗಳು

ಹಿರಿಯರಾದವರು ಮನಸ್ಸು ಮಾಡಿದರೆ ಈ ಕೆಳಗಿನ ಕೆಲಸಗಳು ಒಂದೇ ವರ್ಷದಲ್ಲಿ ಆರಂಭವಾಗತಕ್ಕವು.

1. ಊರಿನ ನಕಾಶೆಯ ಮೇಲೆ 519.60 ಮತ್ತು 524.256 ಮೀಟರುಗಳ ಗೆರೆಗಳನ್ನು ಎಳೆಯಿಸಿ, ಪಂಚಾಯತಿಯ ಗೋಡೆಗೆ ತೂಗಹಾಕುವದು. ಹಳ್ಳಿಗೆ ಹೊಸದಾಗಿ ಬಂದವನೂ ಅದನ್ನು ನೋಡಿಯೇ ಜಾಗ ಕೊಳ್ಳಲಿ.

2. ಯಾವನಾದರೂ ಹೊಲವನ್ನು ಮಾರಲು ನಿಂತರೆ, ಹೊರಗಿನ ಗಿರಾಕಿಗಿಂತ ಮೊದಲು ಊರವರಿಗೆ ತಿಳಿಯುವಂತೆ ಒಂದು ವಾಡಿಕೆಯನ್ನು ಹಾಕುವದು.

3. ಕೆರೆ, ಹೊಳೆ, ಹಿನ್ನೀರುಗಳಿಗೆ ಚರಂಡಿಯ ನೀರೂ ಎಂಜಲೂ ಪ್ಲಾಸ್ಟಿಕ್ಕೂ ಬೀಳದಂತೆ ನೋಡುವದು. ಬಾದಾಮಿಯ ಅಗಸ್ತ್ಯತೀರ್ಥದ ಅಂದವೇ ಆ ಊರಿನ ಬಂಡವಾಳ. ನೀರು ನಾರಿದರೆ ಗುಡಿಯನ್ನು ನೋಡಲು ಬಂದವನು ಎರಡನೆಯ ಸಲ ಬರಲಾರನು.

4. ದಂಡೆಯ ಮೇಲೆ ಬೇವು, ಹುಣಸೆ, ಹೊಂಗೆ, ಬಿದಿರುಗಳ ಸಾಲು ಹಚ್ಚಿಸುವದು. ಮಣ್ಣು ನೀರಿಗೆ ಇಳಿಯುವದು ನಿಲ್ಲುವದು, ಹಕ್ಕಿಗೂ ಮನುಷ್ಯನಿಗೂ ನೆರಳಾಗುವದು.

5. ಮೀನು ಹಿಡಿಯುವವರ ಲೈಸೆನ್ಸುಗಳು ಊರಿನ ಕುಲಕಸಬಿನವರಿಗೂ ಮುಳುಗಡೆಯಾದವರಿಗೂ ಮೊದಲು ದೊರೆಯುವಂತೆ ಖಾತೆಯ ಮುಂದೆ ಮಾತನಾಡುವದು.

6. ಗುಳೆ ಹೋದ ತರುಣರ ಪಟ್ಟಿಯನ್ನು ಮಾಡಿ, ಯಾರಿಗೆ ಯಾವ ಕೆಲಸ ಬರುವದೆಂಬದನ್ನು ಬರೆದಿಡುವದು. ಗೋವೆಯಲ್ಲಿ ಗಾರೆಕೆಲಸ ಕಲಿತವನು, ಮಂಗಳೂರಿನ ಖಾನಾವಳಿಯಲ್ಲಿ ಅಡಿಗೆ ಕಲಿತವನು ಊರಿಗೆ ಮರಳಿದರೆ ಅವನೇ ನಮಗೆ ದೊರೆತ ತರಬೇತಾದ ಕೈಯಾಳು.

ಐಹೊಳೆಯಲ್ಲಿ ಗುಡಿಗಳ ನಡುವೆ ವಾಸಿಸುವ ಮನೆಗಳನ್ನು ಬೇರೆಡೆಗೆ ಸಾಗಿಸುವ ಮಾತು ಬಹುವರ್ಷಗಳಿಂದ ನಡೆದುಬಂದಿದೆ. ಅಂಥ ಸ್ಥಳಾಂತರವಾಗುವಾಗಲೂ ದನದ ಹಕ್ಕೆ, ಹೊಟ್ಟಿನ ಬಣವೆ, ಕಣಗಳಿಗೆ ಜಾಗವಿಲ್ಲದ ಪಟ್ಟಣದ ನಮೂನೆಯ ಕೇರಿಗಳನ್ನು ಒಪ್ಪಿಕೊಳ್ಳಬೇಡಿರಿ. ಕಣವಿಲ್ಲದ ಮನೆಯಲ್ಲಿ ಒಕ್ಕಲಿಗನು ಬಹುಕಾಲ ಒಕ್ಕಲಿಗನಾಗಿ ಉಳಿಯಲಾರನು.

ಪಟ್ಟಣಗಳಿಂದ ಈ ಸೀಮೆಗೆ ಬಂದು ನೆಲೆಸಬೇಕೆನ್ನುವ ಸಜ್ಜನರನ್ನು ಬೇಡವೆನ್ನುವದು ನನ್ನ ಅಭಿಪ್ರಾಯವಲ್ಲ. ಐಹೊಳೆಯು ಐನೂರ್ವರು ಸ್ವಾಮಿಗಳೆಂಬ ವರ್ತಕರ ತವರು. ಕೂಡಲಸಂಗಮವು ಕಾಯಕವನ್ನು ಬೋಧಿಸಿದವರ ಕ್ಷೇತ್ರ. ಹೊರಗಿನವರನ್ನು ಬರಮಾಡಿಕೊಂಡೇ ಈ ನಾಡು ಬೆಳೆದಿದೆ. ಅವರು ವಿದ್ಯೆಯನ್ನು ತರಲಿ, ಮಾರುಕಟ್ಟೆಯ ಪರಿಚಯವನ್ನು ತರಲಿ, ನೆರೆಯವರಾಗಿ ಬಾಳಲಿ. ನೆಲದ ಒಡೆತನವು ಮಾತ್ರ ಅದನ್ನು ಉಳುವ ಕೈಯಲ್ಲಿರಲಿ.

ಗೌಡರೇ, ಜಮೀನುದಾರರೇ, ಹಿಂದೊಮ್ಮೆ ನೀರು ಬಂದಾಗ ನಾವು ಎದ್ದು ಹೋಗಬೇಕಾಯಿತು. ಈಗ ಅದೇ ನೀರಿನ ದಂಡೆಯಲ್ಲಿ ಯಾರು ಕೂಡ್ರಬೇಕೆಂಬದು ನಿಶ್ಚಯವಾಗುವ ಹೊತ್ತು. ಬರುವ ಹಿಂಗಾರಿಯ ಬಿತ್ತಿಗೆಗೆ ಮೊದಲು ಊರ ಚಾವಡಿಯಲ್ಲಿ ಒಂದು ಸಭೆಯನ್ನು ಕೂಡಿಸಿ, ಮೇಲೆ ಬರೆದ ಸಂಗತಿಗಳನ್ನು ಓದಿ ಹೇಳಿ, ಹೊರಗಿರುವ ಮಕ್ಕಳಿಗೂ ಕರೆ ಕಳುಹಿಸಿರಿ. ಮಣ್ಣಿನ ಪರೀಕ್ಷೆ, ಬಸಿಗಾಲುವೆ, ಬೀಜ, ಗಿಡಗಳ ವಿಷಯದಲ್ಲಿ ಬೇಕಾದ ಸಲಹೆಯನ್ನು ತಾಲೂಕಿನ ರೈತ ಸಂಪರ್ಕ ಕೇಂದ್ರದವರು ಕೊಡುವರು, ಕೇಳಲು ಸಂಕೋಚಪಡತಕ್ಕದ್ದಿಲ್ಲ.